ಮಗುವಾಗಲಿಲ್ಲವೆಂದು ಗರ್ಭಕೋಶಕ್ಕೆ ಕ್ಯಾಮೆರಾ ಹಾಕಿ ನೋಡುವುದು ಆಸ್ಪತ್ರೆಗಳ ಹೊಸ ತಂತ್ರವೇ? ಮೇಣದಬತ್ತಿಯಿಂದ ಶುರುವಾದ ಬೊಟ್ಸಿನಿಯ ಕತೆ

ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ಮಗುವಾಗದಿದ್ದರೆ ವಾಟ್ಸಾಪ್‌ಗೆ ಬರುವ ಫಾರ್ವರ್ಡ್‌ಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದು ಬಗೆಯ ಮೆಸೇಜು ಹೀಗೆ ಹೆದರಿಸುತ್ತದೆ: ಗರ್ಭಕೋಶದೊಳಗೆ ಕ್ಯಾಮೆರಾ ಹಾಕಿ ನೋಡುವ ಹಿಸ್ಟರೋಸ್ಕೋಪಿ ಎಂಬುದು ದೊಡ್ಡ ಆಸ್ಪತ್ರೆಗಳು ದುಡ್ಡಿಗಾಗಿ ಈಚೆಗೆ ಹುಟ್ಟುಹಾಕಿದ್ದು, ಅದರಿಂದ ಗರ್ಭಕೋಶವೇ ಹಾಳಾಗುತ್ತದೆ, ಮತ್ತೆ ಮಗು ಆಗುವುದೇ ಇಲ್ಲ. ಇನ್ನೊಂದು ಬಗೆ ಇದಕ್ಕೆ ತದ್ವಿರುದ್ಧ: ಒಮ್ಮೆ ಕ್ಯಾಮೆರಾ ಹಾಕಿಸಿ ಕ್ಲೀನ್ ಮಾಡಿಸಿದರೆ ಸಾಕು, ಮಗು ಗ್ಯಾರಂಟಿ.

ಹಂಗಾರಕಟ್ಟೆ, ಸಾಸ್ತಾನ, ಕೋಟ ಕಡೆಯಿಂದ ಇಂಥ ಪರೀಕ್ಷೆಗೆ ಕುಂದಾಪುರಕ್ಕೋ ಉಡುಪಿ, ಮಣಿಪಾಲಕ್ಕೋ ಬಸ್ಸು ಹತ್ತುವ ದಂಪತಿ ಈ ಎರಡೂ ಮಾತನ್ನು ಕೇಳಿಸಿಕೊಂಡೇ ಹೊರಟಿರುತ್ತಾರೆ. ಎರಡೂ ಸುಳ್ಳು. ಏಕೆ ಸುಳ್ಳು ಎಂದು ತಿಳಿಯಲು ಇನ್ನೂರು ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ವೈದ್ಯನ ಬದುಕನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅವನ ಹೆಸರು ಫಿಲಿಪ್ ಬೊಟ್ಸಿನಿ. ಮನುಷ್ಯನ ದೇಹದೊಳಗೆ ಬೆಳಕು ಕಳುಹಿಸಿ ಕಣ್ಣಾರೆ ನೋಡುವ ಉಪಕರಣವನ್ನು ಮೊದಲು ಮಾಡಿದವನು ಇವನೇ. ಇಂದಿನ ಎಂಡೋಸ್ಕೋಪಿ, ಲ್ಯಾಪರೋಸ್ಕೋಪಿ, ಹಿಸ್ಟರೋಸ್ಕೋಪಿ ಎಲ್ಲಕ್ಕೂ ಮೂಲ ಅವನ ಉಪಕರಣ.

ಯುದ್ಧದ ನಡುವೆ ಬೆಳೆದ ವೈದ್ಯ

ಬೊಟ್ಸಿನಿ ಹುಟ್ಟಿದ್ದು 1773ರ ಮೇ 25ರಂದು, ಜರ್ಮನಿಯ ರೈನ್ ನದಿ ದಂಡೆಯ ಮೈಂಟ್ಸ್ ನಗರದಲ್ಲಿ. ತಂದೆ ಇಟಲಿಯವರು. ಅಲ್ಲಿ ಒಂದು ದ್ವಂದ್ವಯುದ್ಧದ ನಂತರ ಊರು ಬಿಟ್ಟು ಜರ್ಮನಿಗೆ ಬಂದು ನೆಲೆಸಿದವರು. ಮಗ ಮೈಂಟ್ಸ್ ಮತ್ತು ಯೇನಾದಲ್ಲಿ ವೈದ್ಯಶಾಸ್ತ್ರ ಓದಿ 1796ರಲ್ಲಿ ವೈದ್ಯನಾದ.

ಅದು ಫ್ರಾನ್ಸಿನ ಕ್ರಾಂತಿಯ ನಂತರದ ಯುದ್ಧಗಳ ಕಾಲ. ನಮ್ಮ ಕರಾವಳಿಯ ಲೆಕ್ಕದಲ್ಲಿ ಹೇಳುವುದಾದರೆ, 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋದ ದಿನಗಳು. ಬೊಟ್ಸಿನಿ ಸೈನ್ಯದ ವೈದ್ಯನಾಗಿ ಗಾಯಾಳುಗಳ ಆಸ್ಪತ್ರೆಯೊಂದನ್ನು ನೋಡಿಕೊಂಡ. ಆಸ್ಟ್ರಿಯಾದ ಸೇನಾಪತಿ, ಚಕ್ರವರ್ತಿಯ ತಮ್ಮ ಆರ್ಚ್‌ಡ್ಯೂಕ್ ಕಾರ್ಲ್‌ನ ಪರಿಚಯವಾದದ್ದು ಆಗಲೇ. ಈ ಪರಿಚಯ ಮುಂದೆ ಅವನ ಬದುಕಿನ ದೊಡ್ಡ ಆಸೆಗೂ ದೊಡ್ಡ ನಿರಾಸೆಗೂ ಕಾರಣವಾಯಿತು.

ಮೈಂಟ್ಸ್ ಫ್ರೆಂಚರ ವಶವಾದ ಮೇಲೆ ಅಲ್ಲಿರಲು ಮನಸ್ಸಾಗಲಿಲ್ಲ. 1803ರಲ್ಲಿ ಹೆಂಡತಿ ಮಕ್ಕಳೊಂದಿಗೆ ಫ್ರಾಂಕ್‌ಫರ್ಟ್‌ಗೆ ಬಂದ. ಆದರೆ ಹೊರಗಿನಿಂದ ಬಂದ ವೈದ್ಯನಿಗೆ ಅಲ್ಲಿ ಸುಲಭವಾಗಿ ಅನುಮತಿ ಸಿಗುತ್ತಿರಲಿಲ್ಲ. ಊರಿನ ವೈದ್ಯರಿಗೆ ತಮ್ಮ ಸಂಪಾದನೆಯ ಚಿಂತೆ. ಅನುಮತಿ ಸಿಕ್ಕ ಮೇಲೂ ಕೈ ಬಿಗಿಯೇ. ಅವನ ಕೆಲಸದಲ್ಲಿ ಹೆರಿಗೆ ಮಾಡಿಸುವುದೂ ಸೇರಿತ್ತು.

ಮುಟ್ಟಿ ಊಹಿಸುವ ಕಾಲ

ಆ ಕಾಲದ ವೈದ್ಯನ ಕೈಯಲ್ಲಿ ಏನಿತ್ತು ಎಂದು ಯೋಚಿಸಿ ನೋಡಿ. ಸ್ಟೆತೊಸ್ಕೋಪ್ ಬಂದದ್ದು 1816ರಲ್ಲಿ. ಎಕ್ಸ್‌ರೇ 1895ರಲ್ಲಿ. ಸ್ಕ್ಯಾನಿಂಗ್ ಅಂತೂ ಇಪ್ಪತ್ತನೆಯ ಶತಮಾನದ ಮಾತು. ದೇಹದೊಳಗೆ ಏನಾಗಿದೆ ಎಂದು ತಿಳಿಯಲು ಇದ್ದ ದಾರಿ ಮೂರೇ: ರೋಗಿಯನ್ನು ಕೇಳುವುದು, ಹೊರಗಿನಿಂದ ಒತ್ತಿ ನೋಡುವುದು, ಬೆರಳಿಟ್ಟು ಊಹಿಸುವುದು. ಒಳಗನ್ನು ಕಣ್ಣಿಂದ ನೋಡಬೇಕಾದರೆ ರೋಗಿ ಸತ್ತಿರಬೇಕಿತ್ತು.

ಇದರ ಹೊರೆ ಹೆಚ್ಚಾಗಿ ಬಿದ್ದದ್ದು ಹೆಂಗಸರ ಮೇಲೆ. ಮಗುವಾಗದಿದ್ದರೆ ಗರ್ಭಕೋಶದ ದೋಷ ಎಂದು ತೀರ್ಮಾನಿಸಲು ಯಾರೂ ಗರ್ಭಕೋಶವನ್ನು ನೋಡಬೇಕಾಗಿರಲಿಲ್ಲ. ಯುರೋಪಿನಲ್ಲೂ ಹಾಗೆಯೇ, ನಮ್ಮಲ್ಲೂ ಹಾಗೆಯೇ. ಬಂಜೆ ಎಂಬ ಮಾತು ಹೆಣ್ಣಿಗೆ ಅಂಟಿಕೊಂಡದ್ದು ಯಾವ ಪರೀಕ್ಷೆಯ ರಿಪೋರ್ಟ್ ನೋಡಿಯೂ ಅಲ್ಲ.

ತಗಡಿನ ಲಾಂದ್ರ

ಬೊಟ್ಸಿನಿ ಉತ್ತರ ಹುಡುಕಿದ್ದು ಬೆಳಕಿನಲ್ಲಿ. 1806ರಲ್ಲಿ ಜರ್ಮನಿಯ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತನ್ನ ಉಪಕರಣದ ವಿಷಯ ಪ್ರಕಟಿಸಿದ. 1807ರಲ್ಲಿ ಚಿತ್ರಗಳ ಸಮೇತ ಒಂದು ಪುಸ್ತಕವನ್ನೇ ತಂದ. ಉಪಕರಣಕ್ಕೆ ಅವನಿಟ್ಟ ಹೆಸರು ಲಿಷ್ಟ್‌ಲೈಟರ್. ಬೆಳಕನ್ನು ಸಾಗಿಸುವಂಥದ್ದು ಎಂದು ಅದರ ಅರ್ಥ.

ನೋಡಲು ಅದೊಂದು ತಗಡಿನ ಲಾಂದ್ರ. ಎತ್ತರ ಸುಮಾರು ಒಂದು ಅಡಿ, ಮೇಲೆ ಚರ್ಮದ ಹೊದಿಕೆ. ಒಳಗೆ ಒಂದು ಮೇಣದಬತ್ತಿ. ಬತ್ತಿ ಉರಿದು ಕರಗುತ್ತಾ ಹೋದರೂ ಜ್ವಾಲೆ ಅದೇ ಎತ್ತರದಲ್ಲಿ ನಿಲ್ಲುವಂತೆ ಕೆಳಗಿನಿಂದ ಸ್ಪ್ರಿಂಗ್ ಅದನ್ನು ಮೇಲಕ್ಕೆ ತಳ್ಳುತ್ತಿತ್ತು. ಲಾಂದ್ರದ ಒಂದು ಬದಿಗೆ ಬೇರೆ ಬೇರೆ ಅಳತೆಯ ಕೊಳವೆ ಜೋಡಿಸಬಹುದಿತ್ತು. ಕಿವಿಗೆ ಒಂದು, ಮೂತ್ರನಾಳಕ್ಕೆ ಒಂದು, ಗುದದ್ವಾರಕ್ಕೆ ಒಂದು, ಯೋನಿಮಾರ್ಗದ ಮೂಲಕ ಗರ್ಭಕೋಶದ ಬಾಯಿ ನೋಡಲು ಒಂದು. ಗಂಟಲಿನಂಥ ತಿರುವಿನ ಜಾಗಕ್ಕೆ ಕನ್ನಡಿ ಇಟ್ಟ ಕೊಳವೆಯೂ ಇತ್ತು.

ಇಷ್ಟರಲ್ಲಿ ಜಾಣ್ಮೆ ಎಲ್ಲಿದೆ? ಯಕ್ಷಗಾನ ಕಲಾಕೇಂದ್ರವಿರುವ ಹಂಗಾರಕಟ್ಟೆಯವರಿಗೆ ಇದನ್ನು ಹೇಳುವುದು ಸುಲಭ. ಹಿಂದೆ ಆಟ ನಡೆಯುತ್ತಿದ್ದದ್ದು ದೊಂದಿ ಬೆಳಕಿನಲ್ಲಿ. ದೊಂದಿಯನ್ನು ನಿಮ್ಮ ಕಣ್ಣೆದುರೇ ಹಿಡಿದರೆ ವೇಷ ಕಾಣುವುದಿಲ್ಲ, ಬೆಂಕಿ ಮಾತ್ರ ಕಾಣುತ್ತದೆ. ವೇಷ ಕಾಣಬೇಕಾದರೆ ಬೆಳಕು ವೇಷದ ಮೇಲೆ ಬೀಳಬೇಕು, ನಿಮ್ಮ ಕಣ್ಣಿಗೆ ಬೀಳಬಾರದು. ಕೊಳವೆಯೊಳಗೆ ನೋಡುವಾಗಲೂ ಇದೇ ತೊಡಕು. ಬೆಳಕು ಒಳಗೆ ಹೋಗುವ ದಾರಿ, ನೋಟ ಹೊರಗೆ ಬರುವ ದಾರಿ ಎರಡೂ ಒಂದೇ ಕಿರಿದಾದ ಕೊಳವೆ. ಬೊಟ್ಸಿನಿ ಜ್ವಾಲೆಗೂ ನೋಡುವ ಕಣ್ಣಿಗೂ ನಡುವೆ ಒಳಬಾಗಿದ ಕನ್ನಡಿ ಇಟ್ಟ. ಅದು ಬೆಳಕನ್ನು ಮುಂದಕ್ಕೆ ತಳ್ಳಿತು, ಕಣ್ಣಿಗೆ ಬೀಳದಂತೆ ಮರೆ ಮಾಡಿತು. ಇಂದಿನ ಹಿಸ್ಟರೋಸ್ಕೋಪ್ ಕೂಡ ಬಿಡಿಸುವುದು ಇದೇ ಸಮಸ್ಯೆಯನ್ನು. ಬೆಳಕು ಒಂದು ದಾರಿಯಲ್ಲಿ ಒಳಗೆ, ಚಿತ್ರ ಪಕ್ಕದ ದಾರಿಯಲ್ಲಿ ಹೊರಗೆ.

ಬರೀ ನೋಡುವುದಕ್ಕಷ್ಟೇ ಅಲ್ಲ, ಕುರುಡಾಗಿ ಮಾಡುತ್ತಿದ್ದ ಶಸ್ತ್ರಚಿಕಿತ್ಸೆಗಳನ್ನು ಕಣ್ಣಿಂದ ನೋಡುತ್ತಾ ಮಾಡುವುದಕ್ಕೂ ಇದು ನೆರವಾಗುತ್ತದೆಂದು ಅವನು ಬರೆದ. ಅದು ನಿಜವಾಗಲು ಬಹಳ ಕಾಲ ಹಿಡಿಯಿತು.

ವಿಯೆನ್ನಾದಲ್ಲಿ ಎರಡು ತೀರ್ಪು

ಉಪಕರಣ ಮಾಡಿದ್ದಾಯಿತು. ಅದನ್ನು ಒಪ್ಪುವವರು ಬೇಕಲ್ಲ. ಬೊಟ್ಸಿನಿ ಹಳೆಯ ಪರಿಚಯದ ಆರ್ಚ್‌ಡ್ಯೂಕ್ ಕಾರ್ಲ್‌ಗೆ ಅದನ್ನು ಕಳುಹಿಸಿದ. ಕಾರ್ಲ್ ಅದನ್ನು ವಿಯೆನ್ನಾದ ಸೇನಾ ವೈದ್ಯಕೀಯ ಅಕಾಡೆಮಿಗೆ ಪರೀಕ್ಷೆಗೆ ಕೊಟ್ಟ. ಅಲ್ಲಿನ ವೈದ್ಯರು ಮೊದಲು ಶವಗಳ ಮೇಲೆ, ನಂತರ ರೋಗಿಗಳ ಮೇಲೆ ಪ್ರಯೋಗಿಸಿದರು. ಕೆಲವು ಕೊರತೆಗಳಿವೆ, ಸುಧಾರಿಸಿದರೆ ಉಪಯುಕ್ತ ಎಂಬುದು ಅವರ ಅಭಿಪ್ರಾಯವಾಗಿತ್ತು. ಸುಧಾರಿಸುವ ಕೆಲಸವೂ ಶುರುವಾಯಿತು.

ಅಷ್ಟರಲ್ಲಿ ವಿಷಯ ವಿಯೆನ್ನಾ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗಕ್ಕೆ ಹೋಯಿತು. ಸೇನಾ ಅಕಾಡೆಮಿಗೂ ವಿಶ್ವವಿದ್ಯಾಲಯಕ್ಕೂ ಬಹುಕಾಲದ ಪೈಪೋಟಿ. ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ಒಪ್ಪುವುದು ಕಷ್ಟವಿತ್ತು. ಕಾಣುವ ಜಾಗ ತೀರಾ ಚಿಕ್ಕದು, ಉಪಯೋಗ ಅಷ್ಟಕ್ಕಷ್ಟೇ ಎಂಬ ತಕರಾರುಗಳೊಂದಿಗೆ 1807ರಲ್ಲಿ ಪ್ರತಿಕೂಲ ತೀರ್ಪು ಬಂತು. ಪ್ರಯೋಗ ನಿಂತಿತು.

ತಕರಾರುಗಳಲ್ಲಿ ಹುರುಳಿರಲಿಲ್ಲ ಎಂದಲ್ಲ. ಮೇಣದಬತ್ತಿಯ ಬೆಳಕು ಮಂದ, ಕೊಳವೆ ದಪ್ಪ, ಅರಿವಳಿಕೆ ಇಲ್ಲದ ಆ ದಿನಗಳಲ್ಲಿ ರೋಗಿಗೆ ನೋವು ಖಂಡಿತ. ಆದರೆ ಇವೆಲ್ಲ ತಿದ್ದಿಕೊಳ್ಳಬಹುದಾದ ಕೊರತೆಗಳು. ತಿದ್ದುವ ಅವಕಾಶವೇ ಮುಚ್ಚಿಹೋಯಿತು. ಬೊಟ್ಸಿನಿಗೆ ದುಡ್ಡೂ ಬರಲಿಲ್ಲ, ಹೆಸರೂ ಬರಲಿಲ್ಲ.

ಮೂವತ್ತೈದಕ್ಕೇ ಮುಗಿದ ಬದುಕು

ಅವನು ಮತ್ತೆ ತನ್ನ ರೋಗಿಗಳ ಕಡೆ ತಿರುಗಿದ. ಫ್ರಾಂಕ್‌ಫರ್ಟ್‌ನಲ್ಲಿ ಟೈಫಸ್ ಜ್ವರ ಹಬ್ಬಿತು. ಇದು ನಮಗೆ ಗೊತ್ತಿರುವ ಟೈಫಾಯ್ಡ್ ಅಲ್ಲ, ಹೇನಿನಿಂದ ಹರಡುವ ಬೇರೆ ಕಾಯಿಲೆ. ಯುದ್ಧಕಾಲದಲ್ಲಿ ಸೈನಿಕರೊಂದಿಗೆ ಊರಿಂದೂರಿಗೆ ಹೋಗುತ್ತಿತ್ತು. ರೋಗಿಗಳ ಆರೈಕೆ ಮಾಡುತ್ತಿದ್ದ ಬೊಟ್ಸಿನಿಗೂ ಅದು ತಗುಲಿತು. 1809ರ ಏಪ್ರಿಲ್ ಮೊದಲ ವಾರದಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ 35 ವರ್ಷ. ಕೆಲವೇ ತಿಂಗಳಲ್ಲಿ ಹೆಂಡತಿಯೂ ತೀರಿಕೊಂಡಳು. ಮೂವರು ಚಿಕ್ಕ ಮಕ್ಕಳು ಬೇರೆಯವರ ಆಶ್ರಯದಲ್ಲಿ ಬೆಳೆಯಬೇಕಾಯಿತು.

ಅವನ ಲಾಂದ್ರ ವಿಯೆನ್ನಾದಲ್ಲಿ ಉಳಿಯಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಶಿಕಾಗೊಕ್ಕೆ ಹೋಗಿ, ಈ ಶತಮಾನದ ಆರಂಭದಲ್ಲಿ ಮತ್ತೆ ವಿಯೆನ್ನಾ ಸೇರಿತು. ಅಂದು ಬೇಡವೆಂದದ್ದು ಇಂದು ಮ್ಯೂಸಿಯಂನ ಅಮೂಲ್ಯ ವಸ್ತು.

ಮೇಣದಬತ್ತಿಯಿಂದ ಗರ್ಭಕೋಶದವರೆಗೆ

ಬೊಟ್ಸಿನಿ ನೋಡಿದ್ದು ಗರ್ಭಕೋಶದ ಬಾಯಿಯವರೆಗೆ. ಅದರೊಳಗೆ ನೋಡುವ ಕೆಲಸ ಆದದ್ದು ಅವನು ಸತ್ತು 60 ವರ್ಷವಾದ ಮೇಲೆ. 1853ರಲ್ಲಿ ಪ್ಯಾರಿಸ್ಸಿನ ಅಂಟೋನಿನ್ ದೆಸೊರ್ಮೊ ಎಂಬ ವೈದ್ಯ ಮೇಣದಬತ್ತಿಯ ಬದಲು ಮದ್ಯಸಾರ ಮತ್ತು ಟರ್ಪೆಂಟೈನ್ ಉರಿಸುವ ದೀಪವಿಟ್ಟು ಉಪಕರಣವನ್ನು ಸುಧಾರಿಸಿದ. 1869ರಲ್ಲಿ ಪಂಟಲಿಯೋನಿ ಎಂಬ ವೈದ್ಯ ಅಂಥದ್ದೇ ಉಪಕರಣದಿಂದ, ಮುಟ್ಟು ನಿಂತ ಮೇಲೂ ರಕ್ತಸ್ರಾವವಾಗುತ್ತಿದ್ದ 60 ವರ್ಷದ ಹೆಂಗಸಿನ ಗರ್ಭಕೋಶದೊಳಗೆ ನೋಡಿದ. ಅಲ್ಲಿ ಬೆಳೆದಿದ್ದ ದುರ್ಮಾಂಸವನ್ನು ಗುರುತಿಸಿ ಸಿಲ್ವರ್ ನೈಟ್ರೇಟ್ ಹಾಕಿ ಸುಟ್ಟ. ಜಗತ್ತಿನ ಮೊದಲ ಹಿಸ್ಟರೋಸ್ಕೋಪಿ ಎಂದು ಹೇಳುವುದು ಇದನ್ನೇ. ಅಂದರೆ ಈ ಪರೀಕ್ಷೆಗೆ ಈಗ 150 ವರ್ಷ ದಾಟಿದೆ. ಈಚೆಗೆ ಹುಟ್ಟುಹಾಕಿದ್ದು ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಆದರೂ ಇದು ಎಲ್ಲ ಕಡೆ ಬಳಕೆಗೆ ಬರಲು ಇನ್ನೂ ನೂರು ವರ್ಷ ಬೇಕಾಯಿತು. ಕಾರಣ ಗರ್ಭಕೋಶದ ರಚನೆ. ಮೂತ್ರಕೋಶ ನೀರು ತುಂಬಿದರೆ ಬಲೂನಿನಂತೆ ಅರಳುತ್ತದೆ. ಗರ್ಭಕೋಶದ ಗೋಡೆಗಳು ದಪ್ಪ, ಖಾಲಿ ಜೇಬಿನಂತೆ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಒಳಗೆ ಸ್ವಲ್ಪ ಒತ್ತಡ ಕೊಟ್ಟು ಬಿಡಿಸದೆ ಏನೂ ಕಾಣುವುದಿಲ್ಲ. ಅದಕ್ಕಾಗಿ 1925ರಲ್ಲಿ ನ್ಯೂಯಾರ್ಕಿನ ಐಸಿಡೋರ್ ರೂಬಿನ್ ಕಾರ್ಬನ್ ಡೈಆಕ್ಸೈಡ್ ಅನಿಲ ಬಳಸಿದರು. ಈಗ ಹೆಚ್ಚಾಗಿ ಬಳಸುವುದು ಸಲೈನ್ ನೀರು.

ಬೆಳಕಿನ ಕಡೆಯ ಸುಧಾರಣೆಯಲ್ಲಿ ಭಾರತೀಯರೊಬ್ಬರ ಪಾಲೂ ಇದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು 1954ರಲ್ಲಿ ತೋರಿಸಿದರು. ಮುಂದೆ ಹಾಪ್ಕಿನ್ಸ್ ಮಾಡಿದ ಗಾಜಿನ ಕಡ್ಡಿಯಂಥ ಮಸೂರಗಳು ಚಿತ್ರವನ್ನು ಇನ್ನಷ್ಟು ಸ್ಪಷ್ಟಗೊಳಿಸಿದವು. ಬೆಂಕಿ ಹೊರಗೇ ಉಳಿಯಿತು, ತಣ್ಣನೆಯ ಬೆಳಕು ಮಾತ್ರ ಒಳಗೆ ಹೋಯಿತು.

ಇವತ್ತು ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮುಟ್ಟು ನಿಂತ ನಂತರದ ಕೆಲವು ದಿನಗಳಲ್ಲಿ, ಒಳಪದರ ತೆಳುವಾಗಿರುವಾಗ ಈ ಪರೀಕ್ಷೆ ಮಾಡುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆಯೂ ಇಲ್ಲ. ಸುಮಾರು 3ರಿಂದ 5 ಮಿಲಿಮೀಟರ್ ದಪ್ಪದ ಕೊಳವೆಯನ್ನು ಯೋನಿಮಾರ್ಗ ಮತ್ತು ಗರ್ಭಕೋಶದ ಬಾಯಿಯ ಮೂಲಕ ಒಳಗೆ ಕಳುಹಿಸುತ್ತಾರೆ. ಬರೀ ನೋಡುವುದಾದರೆ ಕೆಲವೇ ನಿಮಿಷದ ಕೆಲಸ. ಅರಿವಳಿಕೆ ಇಲ್ಲದೆಯೂ ಆಗುತ್ತದೆ. ಆದರೆ ಕೆಲವರಿಗೆ ಮುಟ್ಟಿನ ಹೊಟ್ಟೆನೋವಿನಂಥ ನೋವು ಜೋರಾಗಿಯೇ ಬರಬಹುದು. ಹಾಗಾಗಿ ನೋವಿನ ಮಾತ್ರೆ, ಅರಿವಳಿಕೆಯ ವಿಷಯವನ್ನು ಮೊದಲೇ ಕೇಳಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು, ನಾಚಿಕೆ ಬೇಡ.

ಒಳಗೆ ಕಾಣಬಹುದಾದ ಅಡ್ಡಿಗಳು ಇವು:

• ಒಳಪದರದಲ್ಲಿ ಬೆಳೆದ ದುರ್ಮಾಂಸ, ಅಂದರೆ ಪಾಲಿಪ್.
• ಗರ್ಭಕೋಶದ ಒಳಭಾಗಕ್ಕೆ ಚಾಚಿಕೊಂಡ ಫೈಬ್ರಾಯ್ಡ್ ಗಡ್ಡೆ.
• ಹುಟ್ಟಿನಿಂದಲೇ ನಡುವೆ ಇರುವ ಗೋಡೆಯಂಥ ಪರದೆ. ಇದು ಕೆಲವರಲ್ಲಿ ಮತ್ತೆ ಮತ್ತೆ ಗರ್ಭಪಾತಕ್ಕೆ ಕಾರಣವಾಗಬಹುದು.
• ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುವುದು. ಡಿ ಅಂಡ್ ಸಿ ಮಾಡಿ ಗರ್ಭಕೋಶ ಕ್ಲೀನ್ ಮಾಡಿಸಿದ ನಂತರ ಕೆಲವರಿಗೆ ಹೀಗಾಗುತ್ತದೆ. ನಮ್ಮ ದೇಶದಲ್ಲಿ ಇನ್ನೊಂದು ಮುಖ್ಯ ಕಾರಣ ಜನನಾಂಗದ ಕ್ಷಯರೋಗ. ಕೆಮ್ಮಿಲ್ಲದೆಯೂ ಕ್ಷಯ ಗರ್ಭಕೋಶಕ್ಕೆ ತಗುಲಿರಬಹುದು. ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳುಹಿಸುವುದು ಇದಕ್ಕಾಗಿ.

ಹಲವು ಸಲ ನೋಡಿದಾಗಲೇ, ಅದೇ ಕೊಳವೆಯ ಮೂಲಕ ಚಿಕ್ಕ ಕತ್ತರಿ ಕಳುಹಿಸಿ ದುರ್ಮಾಂಸ ತೆಗೆಯಬಹುದು, ಅಂಟು ಬಿಡಿಸಬಹುದು. ಕಣ್ಣಿಗೆ ಕಾಣದೆ ಕೆರೆಯುವುದಕ್ಕೂ, ನೋಡಿಕೊಂಡು ಬೇಕಾದಷ್ಟನ್ನೇ ತೆಗೆಯುವುದಕ್ಕೂ ಇರುವ ವ್ಯತ್ಯಾಸವೇ ಬೊಟ್ಸಿನಿ ಬಯಸಿದ್ದು. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆಯಲ್ಲಿ ಮರಳ ದಿಬ್ಬ ಎಲ್ಲಿದೆಯೆಂದು ಗೊತ್ತಿಲ್ಲದೆ ಯಾರೂ ದೋಣಿ ಬಿಡುವುದಿಲ್ಲವಲ್ಲ, ಹಾಗೆ.

ಹಾಗಾದರೆ ಎಲ್ಲರೂ ಮಾಡಿಸಿಕೊಳ್ಳಬೇಕೆ?

ಬೇಡ. ಇದೂ ಊಹೆಯಲ್ಲ, ಪರೀಕ್ಷಿಸಿ ಕಂಡುಕೊಂಡದ್ದು. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು. ಒಂದರಲ್ಲಿ, ಐವಿಎಫ್ 2ರಿಂದ 4 ಸಲ ವಿಫಲವಾಗಿದ್ದ, ಸ್ಕ್ಯಾನಿಂಗಿನಲ್ಲಿ ಗರ್ಭಕೋಶ ಸರಿಯಿದ್ದ 702 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಮುಂದಿನ ಐವಿಎಫ್‌ಗೆ ಮೊದಲು ಹಿಸ್ಟರೋಸ್ಕೋಪಿ ಮಾಡಿದರು. ಎರಡೂ ಗುಂಪಿನಲ್ಲಿ ಮಗುವಾದವರ ಪ್ರಮಾಣ ಶೇಕಡಾ 29. ಇನ್ನೊಂದು ನೆದರ್ಲೆಂಡ್ಸಿನಲ್ಲಿ, ಮೊದಲ ಸಲ ಐವಿಎಫ್‌ಗೆ ಬಂದ, ಸ್ಕ್ಯಾನಿಂಗ್ ಸರಿಯಿದ್ದ 750 ಹೆಂಗಸರ ಮೇಲೆ ನಡೆದದ್ದು. ಅಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅಂದರೆ ಸ್ಕ್ಯಾನಿಂಗ್‌ನಲ್ಲಿ ಏನೋ ಅನುಮಾನ ಕಂಡಿದ್ದರೆ, ಅಸಹಜ ರಕ್ತಸ್ರಾವವಿದ್ದರೆ, ಮತ್ತೆ ಮತ್ತೆ ಗರ್ಭಪಾತವಾಗಿದ್ದರೆ, ಡಿ ಅಂಡ್ ಸಿ ನಂತರ ಮುಟ್ಟು ತೀರಾ ಕಡಿಮೆಯಾಗಿದ್ದರೆ ಈ ಪರೀಕ್ಷೆಗೆ ಅರ್ಥವಿದೆ. ಎಲ್ಲ ಸರಿಯಿದ್ದೂ ಸುಮ್ಮನೆ ಒಮ್ಮೆ ನೋಡಿಬಿಡೋಣ ಎಂದರೆ, ಏಕೆ ಎಂದು ಕೇಳಿ.

ಫಾರ್ವರ್ಡ್ ಮತ್ತು ವಾಸ್ತವ

ಗರ್ಭಕೋಶ ಹಾಳಾಗುತ್ತದೆಯೇ? ಗರ್ಭಕೋಶಕ್ಕೆ ತೂತಾಗುವುದು, ಸೋಂಕು, ಹೆಚ್ಚು ರಕ್ತಸ್ರಾವ ಸಾಧ್ಯ, ಆದರೆ ಅಪರೂಪ. ಬರೀ ನೋಡುವುದಕ್ಕಿಂತ ಗಡ್ಡೆ ತೆಗೆಯುವಾಗ ಅಪಾಯ ಸ್ವಲ್ಪ ಹೆಚ್ಚು. ಒಂದೆರಡು ದಿನ ಚೂರು ರಕ್ತ ಕಾಣುವುದು ಸಾಮಾನ್ಯ. ಜ್ವರ, ವಾಸನೆಯ ಸ್ರಾವ, ತಡೆಯಲಾಗದ ನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಗರ್ಭಿಣಿಯಾಗಿದ್ದರೆ, ಜನನಾಂಗದಲ್ಲಿ ಸೋಂಕಿದ್ದರೆ ಈ ಪರೀಕ್ಷೆ ಮಾಡುವುದಿಲ್ಲ.

ಗರ್ಭನಾಳ ಮುಚ್ಚಿದ್ದರೆ ಇದರಲ್ಲೇ ಗೊತ್ತಾಗುತ್ತದೆಯೇ? ನಾಳದ ಬಾಯಿ ಮಾತ್ರ ಕಾಣುತ್ತದೆ. ನಾಳ ತೆರೆದಿದೆಯೇ ಎಂದು ತಿಳಿಯಲು ಬಣ್ಣ ಹಾಕಿ ತೆಗೆಯುವ ಎಕ್ಸ್‌ರೇ ಅಥವಾ ಲ್ಯಾಪರೋಸ್ಕೋಪಿಯಂಥ ಬೇರೆ ಪರೀಕ್ಷೆ ಬೇಕು.

ಮಗುವಾಗದಿರಲು ಹೆಂಗಸೇ ಕಾರಣವೇ? ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆಗೆ ಕೊಳವೆ ಬೇಡ, ಅರಿವಳಿಕೆ ಬೇಡ, ಖರ್ಚೂ ಕಡಿಮೆ. ಗಂಡನ ಆ ಒಂದು ಪರೀಕ್ಷೆ ಮಾಡಿಸದೆ ಹೆಂಡತಿಯನ್ನು ಆಪರೇಷನ್ ಥಿಯೇಟರಿಗೆ ಕಳುಹಿಸುವುದು ತಪ್ಪು.

ನಾಗಬನದಲ್ಲಿ ತನು ಎರೆದರೆ, ಆಶ್ಲೇಷಾ ಬಲಿ ಮಾಡಿಸಿದರೆ ಸಾಲದೇ? ನಂಬಿಕೆ ನಿಮ್ಮದು, ಅದನ್ನು ಬಿಡಿ ಎಂದು ಯಾವ ವೈದ್ಯರೂ ಹೇಳಬೇಕಾಗಿಲ್ಲ. ಆದರೆ ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ವೈದ್ಯರನ್ನು ಕಾಣಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ. ಹರಕೆ ತೀರಿಸಲು ಮುಂದೆಯೂ ಸಮಯವಿದೆ, ಅಂಡಾಣುಗಳು ವಯಸ್ಸಿಗಾಗಿ ಕಾಯುವುದಿಲ್ಲ.

ಬೊಟ್ಸಿನಿಯ ಲಾಂದ್ರವನ್ನು ಬೇಡವೆಂದ ತೀರ್ಪಿನಲ್ಲಿ ಪರೀಕ್ಷೆಯ ಫಲಿತಾಂಶಕ್ಕಿಂತ ಯಾರು ಪರೀಕ್ಷಿಸಿದರು ಎಂಬುದೇ ದೊಡ್ಡದಾಯಿತು. ಫಾರ್ವರ್ಡ್ ಮೆಸೇಜುಗಳಲ್ಲೂ ಆಗುವುದು ಅದೇ. ಯಾರು ಕಳುಹಿಸಿದರು ಎಂದು ನೋಡುತ್ತೇವೆ, ಪರೀಕ್ಷಿಸಿದ್ದಾರೆಯೇ ಎಂದು ಕೇಳುವುದಿಲ್ಲ. ಮುಂದಿನ ಸಲ ಹಿಸ್ಟರೋಸ್ಕೋಪಿಯಿಂದ ಗರ್ಭಕೋಶ ಹಾಳು ಎಂದೋ, ಮಗು ಗ್ಯಾರಂಟಿ ಎಂದೋ ಮೆಸೇಜು ಬಂದರೆ ಅದನ್ನು ಮುಂದೆ ಕಳುಹಿಸಬೇಡಿ. ನಿಮ್ಮ ಗ್ರೂಪಿನಲ್ಲಿ ಯಾರೋ ಒಬ್ಬಳು ಏನೂ ಹೇಳಿಕೊಳ್ಳಲಾಗದೆ ಅದನ್ನು ಓದುತ್ತಿರಬಹುದು.